ಚಿಟ್ಟುಗೂಬೆ, ಕಾಡು ಗಿಡುಗ: ಪೆಲೆಟ್ (ಹಕ್ಕಿ ಕಕ್ಕಿದ ಉಂಡೆ) ಓದುವಾಗ ಎಡವುವ ಜಾಗ

ಕೊಕ್ಕೆಯಂಥ ಕೊಕ್ಕು, ಚೂಪು ಉಗುರು, ಗಂಡಿಗಿಂತ ದೊಡ್ಡ ಹೆಣ್ಣು. ಇಷ್ಟು ನೋಡಿ ಎರಡನ್ನೂ ಒಂದೇ ಗುಂಪಿಗೆ ಹಾಕಬೇಡಿ. ಗೂಬೆಯದು ಸ್ಟ್ರಿಜಿಫಾರ್ಮೀಸ್ ಗಣ, ಗಿಡುಗದ್ದು ಆಕ್ಸಿಪಿಟ್ರಿಫಾರ್ಮೀಸ್. ಚಿಟ್ಟುಗೂಬೆ ಸುಮಾರು 20 ಸೆಂ.ಮೀ. ಉದ್ದ, 100 ಗ್ರಾಂ ಆಸುಪಾಸು. ಕಾಡು ಗಿಡುಗದ (ಗಾಸ್‌ಹಾಕ್) ಹೆಣ್ಣು ಒಂದು ಕಿಲೋ ದಾಟುತ್ತದೆ, ಸಿಕ್ಕರೆ ಸಣ್ಣ ಗೂಬೆಯನ್ನೂ ಬಿಡುವುದಿಲ್ಲ.

ಕಾಲು: ಗೂಬೆ ಹೊರಬೆರಳನ್ನು ಹಿಂದಕ್ಕೆ ತಿರುಗಿಸಬಲ್ಲದು. ಗಿಡುಗಕ್ಕೆ ಮುಂದೆ ಮೂರು, ಹಿಂದೆ ಒಂದು, ಅಷ್ಟೇ. ಕಣ್ಣು: ಗೂಬೆಯದು ಕೊಳವೆಯಾಕಾರ, ಕಣ್ಣುಗುಳಿಯಲ್ಲಿ ಹೊರಳುವುದಿಲ್ಲ, ಅದಕ್ಕೇ ಕತ್ತು 270 ಡಿಗ್ರಿ ತಿರುಗುತ್ತದೆ. ಕಿವಿ: ತಲೆಯ ಮೇಲಿನ ಜುಟ್ಟು ಬರೀ ಗರಿ. ಎಡ-ಬಲ ಕಿವಿ ಏರುಪೇರಾಗಿರುವುದು ಕಣಜಗೂಬೆಯಂಥ ಕೆಲವಲ್ಲಿ ಮಾತ್ರ. ಚಿಟ್ಟುಗೂಬೆಗೆ ಅದನ್ನು ಅಂಟಿಸಿದರೆ ತಪ್ಪು.

ಈಗ ಪೆಲೆಟ್. ಎರಡೂ ಅರಗದ್ದನ್ನು ಉಂಡೆ ಕಟ್ಟಿ ಕಕ್ಕುತ್ತವೆ. ಇಲಿ ತಿನ್ನುವ ಗೂಬೆಯ ಉಂಡೆಯಲ್ಲಿ ತಲೆಬುರುಡೆ, ದವಡೆ ಇಡಿಯಾಗಿ ಸಿಗುತ್ತವೆ. ಗಿಡುಗದ ಉಂಡೆಯಲ್ಲಿ ಹೆಚ್ಚಾಗಿ ಕೂದಲು, ಗರಿ. ‘ಗಿಡುಗ ಮೂಳೆ ನುಂಗುವುದೇ ಇಲ್ಲ’ ಎಂಬ ತೀರ್ಮಾನ ಅರ್ಧ ಸತ್ಯ. ಉಂಡೆಯಲ್ಲಿ ಮೂಳೆ ಕಾಣದಿರಲು ಕಾರಣ ಎರಡು, ಎರಡನ್ನೂ ಬೇರೆ ಬೇರೆ ಇಟ್ಟುಕೊಳ್ಳಿ. ಒಂದು, ತಿನ್ನುವ ರೀತಿ: ಗೂಬೆ ಸಣ್ಣ ಬೇಟೆಯನ್ನು ಇಡಿಯಾಗಿ ನುಂಗುತ್ತದೆ, ಗಿಡುಗ ಗರಿ ಕಿತ್ತು ಮಾಂಸ ಸೀಳುತ್ತದೆ, ದೊಡ್ಡ ಮೂಳೆ ಕೆಳಗೇ ಉಳಿಯುತ್ತದೆ. ಎರಡು, ಹೊಟ್ಟೆಯ ಆಮ್ಲ: ಗಿಡುಗ ಜಾತಿಯಲ್ಲಿ pH 1.6ರ ಸುಮಾರು, ಗೂಬೆಯಲ್ಲಿ 2.3ರ ಆಸುಪಾಸು. ಅಂಕಿ ಚಿಕ್ಕದಾದಷ್ಟೂ ಆಮ್ಲ ಪ್ರಬಲ. pH ಒಂದು ಇಳಿದರೆ ಹತ್ತು ಪಟ್ಟು, ಆದ್ದರಿಂದ 0.7ರ ಅಂತರ ಸುಮಾರು ಐದು ಪಟ್ಟು. ಹಾಗಾಗಿ ನುಂಗಿದ ಸಣ್ಣ ಮೂಳೆಯೂ ಗಿಡುಗದ ಹೊಟ್ಟೆಯಲ್ಲಿ ಕರಗುತ್ತದೆ. ಮೇವು ಕೂಡಿಡುವ ಗಂಟಲ ಚೀಲವೂ ಗಿಡುಗಕ್ಕೆ ಉಂಟು, ಗೂಬೆಗೆ ಇಲ್ಲ; ಆದರೆ ಮೂಳೆ ಕರಗುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಇಲ್ಲೇ ಇನ್ನೊಂದು ತಿರುವು: ಚಿಟ್ಟುಗೂಬೆಯ ಮುಖ್ಯ ಆಹಾರ ಕೀಟ. ಅದರ ಉಂಡೆಯಲ್ಲೂ ಮೂಳೆ ಕಾಣದಿರಬಹುದು! ಆಗ ಮೂಳೆ ಬಿಟ್ಟು ಕೀಟದ ಚೂರು ನೋಡಿ: ಹೊಳೆಯುವ ಜೀರುಂಡೆ ಕವಚ, ಮಿಡತೆಯ ಕಾಲು. ಇಂಥ ಉಂಡೆ ಒಣಗಿದರೆ ಮುಟ್ಟಿದೊಡನೆ ಪುಡಿಯಾಗುತ್ತದೆ. ಬಿಳಿ ಕಾಗದದ ಮೇಲಿಟ್ಟು ಚಿಮಟದಿಂದ ಬಿಡಿಸಿ. ಕೂದಲು ಬಿಗಿದ ಉಂಡೆಯನ್ನಾದರೆ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಎಳೆಯಬೇಡಿ, ಎಳೆದರೆ ದವಡೆಯಿಂದ ಹಲ್ಲು ಉದುರಿ ಇಲಿಯ ಜಾತಿ ಗುರುತಿಸಲಾಗದು. ಕೈಗವಸು, ಮುಖಗವಸು ಮರೆಯಬೇಡಿ.