ಅಂತಿಮ ಗ್ರಾಹಕ ಅಂದ್ರೆ ಯಾರು?

ಕೊಂಡ ಸರಕನ್ನು ಮತ್ತೆ ಮಾರದೆ, ಅದರಿಂದ ಬೇರೆ ಸರಕು ಮಾಡಿ ಮಾರದೆ, ತಮ್ಮ ಬಳಕೆಗೇ ಇಟ್ಟುಕೊಳ್ಳುವವರು ಅಂತಿಮ ಗ್ರಾಹಕರು. ವ್ಯಾಪಾರದವರ ಬಾಯಲ್ಲಿ ಇವರು ಎಂಡ್ ಕಸ್ಟಮರ್. ವ್ಯಾಖ್ಯಾನ ಸುಲಭ. ಪರೀಕ್ಷೆಯಲ್ಲಿ ಉದಾಹರಣೆ ಕೊಟ್ಟು 'ಇದರಲ್ಲಿ ಅಂತಿಮ ಗ್ರಾಹಕ ಯಾರು?' ಅಂತ ಕೇಳಿದಾಗ ಗೊಂದಲ ಶುರುವಾಗುತ್ತದೆ. ಆಗ ಸರಕು ಯಾವುದು ಅಂತ ನೋಡಬೇಡಿ, ಯಾಕೆ ಕೊಂಡರು ಅಂತ ನೋಡಿ.

ಒಬ್ಬ ಬಡಗಿ 100ಕ್ಕೆ ಹಲಗೆ ತಂದು, ಮೇಜು ಮಾಡಿ, ಒಂದು ಮನೆಯವರಿಗೆ 300ಕ್ಕೆ ಮಾರುತ್ತಾನೆ ಅಂದುಕೊಳ್ಳಿ. ಮರದ ವ್ಯಾಪಾರಿಗೆ ಬಡಗಿ ಗ್ರಾಹಕ ನಿಜ, ಆದರೆ ಅಂತಿಮ ಗ್ರಾಹಕನಲ್ಲ. ಮೇಜು ಕೊಂಡ ಮನೆಯವರು ಅಂತಿಮ ಗ್ರಾಹಕರು. ಅದೇ ಹಲಗೆಯನ್ನು ಮನೆಯವರೇ ತಂದು ಗೋಡೆಗೆ ಹೊಡೆದುಕೊಂಡರೆ ಹಲಗೆಗೂ ಅವರೇ ಅಂತಿಮ ಗ್ರಾಹಕರು. ಇನ್ನು ಬಡಗಿಯ ಗರಗಸ? ಅದನ್ನು ಅವನು ಮಾರೋದಿಲ್ಲ, ವರ್ಷಗಟ್ಟಲೆ ಬಳಸುತ್ತಾನೆ. ಹಾಗಾಗಿ ಗರಗಸ ಮಾಡುವ ಕಂಪನಿಗೆ ಬಡಗಿಯೇ ಅಂತಿಮ ಗ್ರಾಹಕ. ಅಂತಿಮ ಗ್ರಾಹಕ ಮನೆಯವರೇ ಆಗಬೇಕು ಅಂತೇನಿಲ್ಲ, ಆಸ್ಪತ್ರೆ, ಕಾರ್ಖಾನೆ, ಸರ್ಕಾರ ಯಾರು ಬೇಕಾದರೂ ಆಗಬಹುದು. ಜಾಸ್ತಿ ಜನ ಎಡವೋದು ಇಲ್ಲೇ.

ಇದೇ ಲೆಕ್ಕ ಜಿಡಿಪಿಗೂ, ಅಂದ್ರೆ ದೇಶದಲ್ಲಿ ಒಂದು ವರ್ಷದಲ್ಲಿ ತಯಾರಾದ ಸರಕು-ಸೇವೆಗಳ ಒಟ್ಟು ಬೆಲೆ ಹಾಕೋಕೂ ಬೇಕು. ಹಲಗೆಯ 100, ಮೇಜಿನ 300 ಸೇರಿಸಿ 400 ಅನ್ನುವ ಹಾಗಿಲ್ಲ. ಮೇಜಿನ ಬೆಲೆಯೊಳಗೆ ಹಲಗೆಯ ಬೆಲೆ ಆಗಲೇ ಇದೆ ಅಲ್ವಾ? ಹಾಗಾಗಿ 300 ಮಾತ್ರ.

1954ರಲ್ಲಿ ಫ್ರಾನ್ಸ್‌ನಲ್ಲಿ ಶುರುವಾದ ವ್ಯಾಟ್ ತೆರಿಗೆ (ಪ್ರತಿ ಹಂತದಲ್ಲಿ ಹೆಚ್ಚಾದ ಬೆಲೆಗೆ ಮಾತ್ರ ಬೀಳುವ ತೆರಿಗೆ) ನಿಂತಿರೋದೂ ಇದರ ಮೇಲೆಯೇ. ತೆರಿಗೆ ಶೇ. 10 ಆದರೆ ಬಡಗಿ ಹಲಗೆಗೆ 10 ಕೊಡುತ್ತಾನೆ, ಮನೆಯವರಿಂದ 30 ವಸೂಲಿ ಮಾಡುತ್ತಾನೆ, ತಾನು ಕೊಟ್ಟ 10 ಕಳೆದು 20 ಮಾತ್ರ ಸರ್ಕಾರಕ್ಕೆ ಕಟ್ಟುತ್ತಾನೆ. ಮನೆಯವರು ಹೀಗೆ ಕಳೆಯೋಕೆ ಆಗೋದಿಲ್ಲ. ಪೂರ್ತಿ 30ರ ಭಾರ ಅವರದೇ.

ಮಾರಾಟದಲ್ಲಂತೂ ಈ ಪದಕ್ಕೆ ತುಂಬಾ ತೂಕ. ಹೋಲ್‌ಸೇಲ್ ವ್ಯಾಪಾರಿಗೆ ಕಳಿಸಿದ ಮಾಲು ಕಂಪನಿಯ ಪುಸ್ತಕದಲ್ಲಿ ಮಾರಾಟವೇ. ಆದರೆ ಅಂತಿಮ ಗ್ರಾಹಕರು ಕೊಳ್ಳದೆ ಅದು ಗೋಡೌನ್‌ನಲ್ಲೇ ಕೂತರೆ ಮುಂದಿನ ಆರ್ಡರ್ ಬರೋದಿಲ್ಲ. 1991ರಲ್ಲಿ ಕಂಪ್ಯೂಟರ್ ಚಿಪ್ ಮಾಡುವ ಇಂಟೆಲ್ ಕಂಪನಿ ಶುರು ಮಾಡಿದ 'ಇಂಟೆಲ್ ಇನ್‌ಸೈಡ್' ಪ್ರಚಾರ ನೋಡಿ. ಚಿಪ್ ಕೊಳ್ಳುತ್ತಿದ್ದವರು ಕಂಪ್ಯೂಟರ್ ತಯಾರಕರು, ಜಾಹೀರಾತು ಮಾತ್ರ ಕಂಪ್ಯೂಟರ್ ಕೊಳ್ಳುವ ಜನರಿಗೆ. ಜನ ಕೇಳಿದರೆ ತಯಾರಕರು ಆ ಚಿಪ್ಪನ್ನೇ ಹಾಕುತ್ತಾರೆ ಅನ್ನುವ ಲೆಕ್ಕ ಅದು. ನನಗೆ ಇದಕ್ಕಿಂತ ಒಳ್ಳೆ ಉದಾಹರಣೆ ಕಾಣೋದಿಲ್ಲ.

ಕೊಳ್ಳುವವರು, ಬಳಸುವವರು ಬೇರೆ ಆಗೋದೂ ಉಂಟು. ಡೈಪರ್ ಬಳಸೋದು ಮಗು, ಕೊಳ್ಳೋದು ಅಪ್ಪ ಅಮ್ಮ. ಅಲ್ಲಿ ಅಂತಿಮ ಗ್ರಾಹಕರು ಅಪ್ಪ ಅಮ್ಮ, ಮಗು ಅಂತಿಮ ಬಳಕೆದಾರ. ಉತ್ತರ ಬರೆಯುವಾಗ ಎರಡನ್ನೂ ಬೇರೆ ಬೇರೆಯಾಗಿಯೇ ಬರೆಯಿರಿ.