ಸೂಜಿಯಷ್ಟು ತೂತು, ಆರು ವಾರದ ಬೆಡ್ಡು

ಡ್ರಗ್ಸ್ ಚುಚ್ಚಿಕೊಳ್ಳೋರ ವಿಷಯ ಬಂದ್ರೆ ಎಲ್ರೂ ಓವರ್‌ಡೋಸ್ ಬಗ್ಗೆನೇ ಮಾತಾಡ್ತಾರೆ. ಆಸ್ಪತ್ರೆ ವಾರ್ಡಲ್ಲಿ ಕೆಲಸ ಮಾಡೋರನ್ನ ಕೇಳಿ, ಅವರು ಕೀವು, ಜ್ವರ, ಡ್ರಿಪ್ಪು ಅಂತ ಶುರು ಮಾಡ್ತಾರೆ.

ಸ್ಟೆಫಿಲೊಕಾಕಸ್ ಆರಿಯಸ್ ಅನ್ನೋ ಬ್ಯಾಕ್ಟೀರಿಯಾ ಎಷ್ಟೋ ಜನರ ಮೂಗಲ್ಲಿ, ಚರ್ಮದ ಮೇಲೆ ತನ್ನ ಪಾಡಿಗೆ ತಾನು ಇರುತ್ತೆ, ಏನೂ ತೊಂದ್ರೆ ಕೊಡಲ್ಲ. ಚರ್ಮ ಒರೆಸದೆ ಚುಚ್ಚಿದ್ರೆ ಅದೂ ಸೂಜಿ ಜೊತೆ ಒಳಗೆ ಹೋಗುತ್ತೆ. ಕೆಲವರಿಗೆ ಸೂಜಿನ ನಾಲಿಗೆಗೆ ತಾಗಿಸೋ ಅಭ್ಯಾಸ, ಅವರಿಗೆ ಬಾಯಲ್ಲಿರೋ ಬ್ಯಾಕ್ಟೀರಿಯಾನೂ ಸೇರ್ಕೊಳ್ಳುತ್ತೆ. ಒಬ್ಬರ ಸಿರಿಂಜ್ ಇನ್ನೊಬ್ಬರು ಬಳಸಿದ್ರಂತೂ ಎಚ್‌ಐವಿ, ಹೆಪಟೈಟಿಸ್ ಸಿ, ಇದು ಗೊತ್ತಿರೋದೇ.

ಚುಚ್ಚಿದ ಜಾಗದಲ್ಲೇ ಕುರು ಎದ್ದು ಕೀವಾದ್ರೆ ಪುಣ್ಯ ಅನ್ಬೇಕು, ಕೊಯ್ದು ತೆಗೀಬಹುದು. ರಕ್ತಕ್ಕೆ ಸೇರಿದ್ರೆ ಕಥೆ ಬೇರೆ. ತೋಳಿನ ರಕ್ತ ಮೊದಲು ವಾಪಸ್ ಹೋಗೋದು ಹೃದಯದ ಬಲಭಾಗಕ್ಕೆ, ಅಲ್ಲಿ ಟ್ರೈಕಸ್ಪಿಡ್ ವಾಲ್ವ್ ಇದೆ, ತೆಳ್ಳಗಿನ ಮೂರು ಎಸಳಿನ ಬಾಗಿಲು. ಬ್ಯಾಕ್ಟೀರಿಯಾ ಅದಕ್ಕೆ ಅಂಟ್ಕೊಂಡು, ಅದ್ರ ಸುತ್ತ ರಕ್ತ ಹೆಪ್ಪುಗಟ್ಟಿ, ಕಲ್ಲಿಗೆ ಪಾಚಿ ಹಿಡಿದ ಹಾಗೆ ಒಂದು ಗಂಟು ಬೆಳೆಯುತ್ತೆ. ಎಕೋ (ಹೃದಯದ ಸ್ಕ್ಯಾನ್) ಪರದೆಯಲ್ಲಿ ನೋಡಿದ್ರೆ ಪ್ರತಿ ಬಡಿತಕ್ಕೂ ಅದು ಪಟಪಟ ಅಂತ ಓಲಾಡ್ತಿರುತ್ತೆ. ಅದರ ಚೂರು ಕಿತ್ಕೊಂಡ್ರೆ ಸೀದಾ ಶ್ವಾಸಕೋಶಕ್ಕೆ, ಹಂಗಾಗಿ ಕಾಯಿಲೆ ಇರೋದು ಹೃದಯದಲ್ಲಿ, ರೋಗಿ ಬರೋದು ಮಾತ್ರ ಕೆಮ್ಮು ಎದೆನೋವು ಅಂತ, ನ್ಯುಮೋನಿಯಾ ಅನ್ಕೊಂಡು ದಾರಿ ತಪ್ಪೋದೂ ಉಂಟು.

ಗಂಟಿನೊಳಗೆ ರಕ್ತನಾಳ ಇಲ್ಲ, ಬಿಳಿ ರಕ್ತಕಣ ಸರಿಯಾಗಿ ನುಗ್ಗಲ್ಲ, ಎಲ್ಲಾ ಭಾರ ಆಂಟಿಬಯಾಟಿಕ್ ಮೇಲೆ. ಅದಕ್ಕೇ ಸಾಮಾನ್ಯವಾಗಿ 4ರಿಂದ 6 ವಾರ ಡ್ರಿಪ್. ಔಷಧಿ ಎಷ್ಟೋ ಸಲ ಹಳೇದು, ಅಗ್ಗದ್ದು; ಬಿಲ್ ಏರಿಸೋದು ಬೆಡ್ಡು. ಬೇರೆ ರೋಗಿಗಳಿಗೆ ತೋಳಲ್ಲಿ ಉದ್ದದ ಲೈನ್, ಅಂದ್ರೆ ರಕ್ತನಾಳದೊಳಗೆ ಔಷಧಿ ಬಿಡೋ ನಳಿಕೆ, ಹಾಕಿ ಮನೆಗೆ ಕಳಿಸ್ತಾರೆ, ಇವರನ್ನ ಎಷ್ಟೋ ಕಡೆ ಕಳಿಸಲ್ಲ, ಅದೇ ಲೈನಲ್ಲಿ ಡ್ರಗ್ ಹಾಕ್ಕೊಂಡ್ರೆ ಅನ್ನೋ ಭಯ. ಅಮೆರಿಕದಲ್ಲಿ ಒಪಿಯಾಯ್ಡ್ (ಹೆರಾಯಿನ್ ಥರದ ಡ್ರಗ್) ಚಟದ ಜೊತೆ ಗಂಭೀರ ಸೋಂಕಿಗೂ ದಾಖಲಾದವರ ಆಸ್ಪತ್ರೆ ಬಿಲ್ 2012ರ ಒಂದೇ ವರ್ಷದಲ್ಲಿ 70 ಕೋಟಿ ಡಾಲರ್ ದಾಟಿತ್ತು. ವಾಲ್ವ್ ಬದಲಾಯಿಸೋ ಆಪರೇಷನ್ ಬೇಕಾದ್ರೆ ಬಿಲ್ ಇನ್ನೂ ಏರುತ್ತೆ, ಆಮೇಲೆ ಮತ್ತೆ ಚುಚ್ಕೊಂಡ್ರೆ ಹೊಸ ವಾಲ್ವಿಗೂ ಸೋಂಕು ಹಿಡೀಬಹುದು.

ನನಗೆ ಸಿಟ್ಟು ಬರೋದು ಇನ್ನೊಂದು ವಿಷಯಕ್ಕೆ. ದಾಖಲಾದ ಒಂದೆರಡು ದಿನದಲ್ಲೇ ಡ್ರಗ್ ಸಿಗದೆ ಮೈಕೈ ನೋವು, ವಾಂತಿ, ನಡುಕ, ನಿದ್ದೆ ಇಲ್ಲ. ಅದನ್ನ ತಣಿಸೋ ಮೆಥಡೋನ್ ಅಥವಾ ಬ್ಯುಪ್ರೆನಾರ್ಫಿನ್ ಅನ್ನೋ ಔಷಧಿ ಕೊಡದೆ ಬರೀ ಆಂಟಿಬಯಾಟಿಕ್ ಹಾಕಿದ್ರೆ ಆ ಮನುಷ್ಯ ಡ್ರಿಪ್ ಕಿತ್ತು ಎದ್ದು ಹೋಗ್ತಾನೆ, ಕೆಲವೇ ದಿನಕ್ಕೆ ಇನ್ನೂ ಕೆಟ್ಟ ಸ್ಥಿತಿಯಲ್ಲಿ ಐಸಿಯುಗೆ ಬರ್ತಾನೆ, ಆಗ "ಇವರು ಹೇಳಿದ ಮಾತು ಕೇಳಲ್ಲ" ಅಂತಾರೆ.

ಡಾಲ್ಬಾವ್ಯಾನ್ಸಿನ್ ಅಂತ ಒಂದು ಆಂಟಿಬಯಾಟಿಕ್ ಇದೆ, ವಾರ ಬಿಟ್ಟು ಎರಡು ಡೋಸ್ ಕೊಟ್ರೆ ವಾರಗಟ್ಟಲೆ ಮೈಯಲ್ಲಿ ಉಳಿಯುತ್ತೆ, ತೋಳಲ್ಲಿ ಆ ಉದ್ದದ ಲೈನೂ ಬೇಡ. ಡೋಸಿನ ರೇಟ್ ಕೇಳಿದ್ರೆ ಗಾಬರಿ ಆಗುತ್ತೆ, ಪಕ್ಕದಲ್ಲಿ ಒಂದು ತಿಂಗಳ ಬೆಡ್ ಚಾರ್ಜ್ ಬರೆದಿಟ್ಟು ನೋಡಿ ಆಮೇಲೆ ಹೇಳಿ.