ಫೆಂಡರ್ ರೋಲಿಂಗ್: ಅಗಲ ಟೈರಿಗೆ ಜಾಗ ಬಿಡಿಸುವ ಕೆಲಸ

ನಿಂತಿರುವ ಕಾರಿನ ಚಕ್ರದ ಮೇಲಿರುವ ಕಮಾನಿನ ಒಳಗೆ ಬೆರಳು ಆಡಿಸಿ ನೋಡಿ. ಹೊರಗಿನಿಂದ ನುಣ್ಣಗೆ ಕಾಣುವ ತಗಡು ಅಂಚಿಗೆ ಬರುತ್ತಲೇ ಒಳಕ್ಕೆ ತಿರುಗಿರುತ್ತದೆ. ಪ್ಯಾಂಟಿನ ಅಂಚನ್ನು ಒಳಗೆ ಮಡಚಿ ಹೊಲಿದ ಹಾಗೆ. ಈ ಮಡಿಕೆ ಕೆಲವು ಕಾರುಗಳಲ್ಲಿ ಒಂದು ಸೆಂಟಿಮೀಟರ್ ಇದ್ದರೆ, ಇನ್ನು ಕೆಲವದರಲ್ಲಿ ಎರಡರ ಹತ್ತಿರ ಇರುತ್ತದೆ. ಅದನ್ನು ಮೇಲಕ್ಕೆ ಒತ್ತಿ, ಫೆಂಡರಿನ, ಅಂದರೆ ಚಕ್ರದ ಮೇಲಿನ ಆ ಹೊರ ತಗಡಿನ, ಒಳಮೈಗೆ ಅಂಟಿಕೊಳ್ಳುವಂತೆ ಪೂರ್ತಿ ಮಡಚುವ ಕೆಲಸಕ್ಕೆ ಫೆಂಡರ್ ರೋಲಿಂಗ್ ಅನ್ನುತ್ತಾರೆ.

ಕಂಪನಿಯವರು ಈ ಮಡಿಕೆಯನ್ನು ಸುಮ್ನೆ ಬಿಟ್ಟಿರುವುದಿಲ್ಲ. ತೆಳು ತಗಡಿಗೆ ಬಿಗಿ ಬರುವುದೇ ಅದರಿಂದ. ಚಕ್ರದ ಮೇಲಿನ ಪ್ಲಾಸ್ಟಿಕ್ ಲೈನರ್‌ನ ಸ್ಕ್ರೂಗಳನ್ನೂ ಎಷ್ಟೋ ಕಾರುಗಳಲ್ಲಿ ಇದಕ್ಕೇ ಹಾಕಿರುತ್ತಾರೆ. ಕಾರಿನ ಜೊತೆ ಬಂದ ಟೈರ್ ಇರುವವರೆಗೆ ಏನೂ ತೊಂದರೆಯಿಲ್ಲ. ಅಗಲವಾದ ಚಕ್ರ ಹಾಕಿದಾಗ, ಇಲ್ಲವೇ ಸ್ಪ್ರಿಂಗ್ ಬದಲಿಸಿ ಕಾರನ್ನು ತಗ್ಗಿಸಿದಾಗ ಕಷ್ಟ ಶುರುವಾಗುತ್ತದೆ. ಹಂಪ್ ಮೇಲೆ ಕಾರು ಕೆಳಗೆ ಕೂತಾಗ ಟೈರಿನ ಭುಜ ನೇರವಾಗಿ ಆ ಅಂಚಿಗೆ ತಗಲುತ್ತದೆ. ಅಂಚು ಹರಿತವಾಗಿದ್ದರೆ ರಬ್ಬರನ್ನು ಸೀಳಿಕೊಂಡೇ ಹೋಗುತ್ತದೆ. ಹೈವೇಯಲ್ಲಿ ಇದು ಬರೀ ಸದ್ದಿನ ವಿಷಯವಾಗಿ ಉಳಿಯುವುದಿಲ್ಲ. ಪಕ್ಕದ ಗೋಡೆ ಹರಿದ ಟೈರನ್ನು ಪಂಕ್ಚರ್ ಅಂಗಡಿಯಲ್ಲಿ ಸರಿಮಾಡಲು ಆಗುವುದಿಲ್ಲ, ಎಸೆಯಲೇಬೇಕು.

ಜಾಸ್ತಿ ಜನ ಗೊಂದಲ ಮಾಡಿಕೊಳ್ಳುವ ಒಂದು ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ. ರೋಲಿಂಗ್ ಬೇರೆ, ಪುಲ್ಲಿಂಗ್ ಬೇರೆ. ರೋಲಿಂಗ್ ಮಾಡಿದಾಗ ಒಳಗಿನ ಮಡಿಕೆ ಮಾತ್ರ ಮಲಗುತ್ತದೆ, ಕಾರಿನ ಹೊರ ಆಕಾರ ಹಾಗೇ ಇರುತ್ತದೆ. ಪುಲ್ಲಿಂಗ್‌ನಲ್ಲಿ ಫೆಂಡರನ್ನೇ ಹೊರಕ್ಕೆ ಉಬ್ಬಿಸುತ್ತಾರೆ. ಬಣ್ಣ ಬಿರಿಯುವ ಸಂಭವ ಅದರಲ್ಲಿ ಬಹಳ ಹೆಚ್ಚು. ಟಿಂಕರಿಂಗ್, ಪೇಂಟಿಂಗ್ ಎರಡಕ್ಕೂ ಸಿದ್ಧರಾಗಿಯೇ ಅದಕ್ಕೆ ಕೈ ಹಾಕಬೇಕು. ಹಾಗಾಗಿ ಗ್ಯಾರೇಜಿನವರು "ರೋಲ್ ಮಾಡಿಕೊಡ್ತೀವಿ" ಅಂದಾಗ, ಬರೀ ಮಡಚುತ್ತೀರಾ ಇಲ್ಲ ಹೊರಕ್ಕೂ ಎಳೆಯುತ್ತೀರಾ ಅಂತ ಬಿಡಿಸಿ ಕೇಳುವುದು ಒಳ್ಳೆಯದು.

ರೋಲಿಂಗ್‌ನಿಂದ ಎಷ್ಟು ಜಾಗ ಸಿಗುತ್ತದೆ? ಮಡಿಕೆ ಎಷ್ಟು ಉದ್ದವಿತ್ತೋ ಹೆಚ್ಚುಕಡಿಮೆ ಅಷ್ಟೇ. ಮಡಚಿದ ಮೇಲೆ ಅಲ್ಲಿ ತಗಡು ಎರಡು ಪದರವಾಗುವುದರಿಂದ ಒಂದೆರಡು ಮಿಲಿಮೀಟರ್ ಕಳೆಯಿರಿ. ಅದಕ್ಕೇ ಚಕ್ರ ಕೊಳ್ಳುವ ಮುಂಚೆ ಪೆನ್ನು, ಕಾಗದ ಹಿಡಿದು ಲೆಕ್ಕ ಹಾಕಬೇಕು ಅಂತ ನಾನು ಯಾವಾಗಲೂ ಒತ್ತಿ ಹೇಳುತ್ತೇನೆ.

1989ರಲ್ಲಿ ಬಂದ ಮಾಜ್ದಾ ಎಂಎಕ್ಸ್-5, ಅಂದರೆ ಅಮೆರಿಕದವರು ಮಿಯಾಟಾ ಅಂತ ಕರೆಯುವ ಎರಡು ಸೀಟಿನ ಪುಟ್ಟ ಕಾರನ್ನೇ ತೆಗೆದುಕೊಳ್ಳೋಣ. ಈ ಕಾರು ಇಟ್ಟುಕೊಂಡವರಲ್ಲಿ ಫೆಂಡರ್ ರೋಲಿಂಗ್ ತೀರಾ ಮಾಮೂಲಿ. ಅದರ ಮೂಲ ಚಕ್ರ 14 ಇಂಚಿನದು, ಅಗಲ 5.5 ಇಂಚು, ಆಫ್‌ಸೆಟ್ 45. ಆಫ್‌ಸೆಟ್ ಅಂದರೆ, ಚಕ್ರ ಹಬ್‌ಗೆ (ಚಕ್ರವನ್ನು ನಟ್ ಹಾಕಿ ಬಿಗಿಯುವ ಕಾರಿನ ಭಾಗಕ್ಕೆ) ಕೂರುವ ಭಾಗ ಚಕ್ರದ ಅಗಲದ ನಟ್ಟನಡುವಿನಿಂದ ಎಷ್ಟು ಮಿಲಿಮೀಟರ್ ಹೊರಗಿದೆ ಅನ್ನುವ ಲೆಕ್ಕ. ಈ ಸಂಖ್ಯೆ ಇಳಿದಷ್ಟೂ ಚಕ್ರ ಹೊರಕ್ಕೆ ಬರುತ್ತದೆ. ಈಗ ಅದರ ಜಾಗದಲ್ಲಿ 8 ಇಂಚು ಅಗಲದ, 25 ಆಫ್‌ಸೆಟ್‌ನ 15 ಇಂಚಿನ ಚಕ್ರ ಹಾಕಿದೆವು ಅಂದುಕೊಳ್ಳಿ. ಅಗಲ 2.5 ಇಂಚು ಹೆಚ್ಚಾಯಿತು. ಅದರ ಅರ್ಧ 1.25 ಇಂಚು, ಅಂದರೆ 32 ಮಿ.ಮೀ. ಹತ್ತಿರ. ಆಫ್‌ಸೆಟ್ ಇಳಿದದ್ದು 20. ಎರಡೂ ಕೂಡಿದರೆ ರಿಮ್ಮಿನ ಹೊರ ಅಂಚು ಸುಮಾರು 52 ಮಿ.ಮೀ. ಹೊರಕ್ಕೆ ಬಂತು. ಒಳ ಅಂಚು ಬರೀ 12 ಮಿ.ಮೀ. ಒಳಕ್ಕೆ ಹೋಯಿತು. ಟೈರಿನ ಉಬ್ಬು ರಿಮ್ಮಿನಷ್ಟು ಹೊರಬರುವುದಿಲ್ಲ, ಆದರೂ ಮಡಿಕೆಗೆ ಮುಟ್ಟುವಷ್ಟು ಬರುತ್ತದೆ.

ಅಷ್ಟು ಹೊರಬಂದರೂ ಎಂಎಕ್ಸ್-5ರಲ್ಲಿ ರೋಲಿಂಗ್ ಮಾಡಿ ಸುಧಾರಿಸಲು ಆಗುವುದಕ್ಕೆ ಕಾರಣವಿದೆ. ಮೂಲ ಚಕ್ರದ ಸುತ್ತ ಅದರಲ್ಲಿ ಜಾಗ ಬೇಕಾದಷ್ಟಿದೆ. ಅದರ ಜೊತೆಗೆ ನಾಲ್ಕೂ ಚಕ್ರಕ್ಕೆ ಡಬಲ್ ವಿಶ್‌ಬೋನ್ ಸಸ್ಪೆನ್ಶನ್ ಇದೆ, ಅಂದರೆ ಪ್ರತಿ ಚಕ್ರವನ್ನೂ ಮೇಲೊಂದು ಕೆಳಗೊಂದು ತೋಳು ಹಿಡಿದಿರುತ್ತದೆ. ಚಕ್ರ ಮೇಲೇರಿದಂತೆ ಅದರ ತಲೆ ಒಳಕ್ಕೆ ವಾಲುತ್ತದೆ, ಅಂಚನ್ನು ತಪ್ಪಿಸಿಕೊಂಡು ಒಳಗೆ ನುಸುಳುತ್ತದೆ. ನಮ್ಮ ಸ್ವಿಫ್ಟ್‌ನ ಹಿಂದಿನ ಚಕ್ರಗಳಿಗೆ ಇರುವುದು ಟಾರ್ಷನ್ ಬೀಮ್, ಅಂದರೆ ಎರಡೂ ಚಕ್ರಗಳನ್ನು ಜೋಡಿಸುವ ಒಂದು ಅಡ್ಡ ತೊಲೆ. ಎರಡೂ ಚಕ್ರ ಒಟ್ಟಿಗೆ ಮೇಲೆದ್ದರೆ ಅಲ್ಲಿ ಈ ವಾಲುವಿಕೆ ಸಿಗುವುದಿಲ್ಲ, ಚಕ್ರ ಹೆಚ್ಚುಕಡಿಮೆ ನೆಟ್ಟಗೇ ಏರುತ್ತದೆ. ಒಂದು ಕಾರಿಗೆ ಕೂತ ಅಳತೆಯನ್ನು ಇನ್ನೊಂದಕ್ಕೆ ಹಾಗೇ ಇಳಿಸಲು ಆಗದಿರುವುದು ಇದಕ್ಕೇ.

ಟೈರಿನ ಅಳತೆಯನ್ನೂ ಮರೆಯಬೇಡಿ. ಆ ಎಂಎಕ್ಸ್-5ರ 185/60 ಆರ್14 (ಅಗಲ 185 ಮಿ.ಮೀ., ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ. 60, ರಿಮ್ 14 ಇಂಚು) ಟೈರಿನ ವ್ಯಾಸ ಸುಮಾರು 578 ಮಿ.ಮೀ. 195/50 ಆರ್15 ಹಾಕಿದರೆ 576. 205/50 ಆರ್15 ಆದರೆ 586, ಅಂದರೆ ಎತ್ತರಕ್ಕೂ 4 ಮಿ.ಮೀ. ಜಾಗ ತಿನ್ನುತ್ತದೆ. ಒಂದೇ ನಂಬರಿನ ಎರಡು ಬ್ರ್ಯಾಂಡಿನ ಟೈರುಗಳೂ ಭುಜದ ಹತ್ತಿರ ಒಂದೇ ಥರ ಇರುವುದಿಲ್ಲ. ಟ್ರ್ಯಾಕ್‌ಗೆ ಅಂತ ಮಾಡಿದ ಟೈರುಗಳ ಭುಜ ಚೌಕವಾಗಿರುತ್ತದೆ, ಮೊದಲು ತಗಲುವುದೇ ಅದು.

ಈಗ ಕೆಲಸ ಹೇಗೆ ನಡೆಯುತ್ತದೆ ನೋಡೋಣ. ಕಾರನ್ನು ಜಾಕಿ ಹಾಕಿ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸುತ್ತಾರೆ. ಚಕ್ರ ಬಿಚ್ಚುತ್ತಾರೆ, ಮಡಿಕೆಯಲ್ಲಿರುವ ಲೈನರ್ ಸ್ಕ್ರೂಗಳನ್ನೂ ತೆಗೆಯುತ್ತಾರೆ. ಚಕ್ರ ಕೂರುವ ಹಬ್‌ಗೇ ರೋಲರ್ ಉಪಕರಣವನ್ನು ನಟ್ ಹಾಕಿ ಬಿಗಿಯುತ್ತಾರೆ. ಅದಕ್ಕೊಂದು ಉದ್ದ ತೋಳು, ತೋಳಿನ ತುದಿಯಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನ ಉರುಳೆ. ತೋಳಿನ ಉದ್ದ, ಉರುಳೆಯ ಕೋನ ಎರಡನ್ನೂ ಹೊಂದಿಸಿಕೊಳ್ಳಬಹುದು. ಮಡಿಕೆಗೆ ಮೆತ್ತಿದ ಮಣ್ಣು, ಮರಳನ್ನು ತೊಳೆದು ಒರೆಸಬೇಕು. ಒಂದು ಹರಳು ಉಳಿದರೂ ಉರುಳೆಯ ಕೆಳಗೆ ಸಿಕ್ಕಿ ಬಣ್ಣ ಕೊರೆಯುತ್ತದೆ.

ಆಮೇಲೆ ಬಿಸಿ ಮಾಡಬೇಕು. ಇಡೀ ಕೆಲಸದ ಜೀವಾಳವೇ ಇದು. ತಣ್ಣಗಿರುವ ಬಣ್ಣ ಬಗ್ಗುವುದಿಲ್ಲ, ಚಟ್ಟನೆ ಬಿರಿಯುತ್ತದೆ. ಹೀಟ್ ಗನ್ ಹಿಡಿದು, ಒಂದೇ ಕಡೆ ನಿಲ್ಲಿಸದೆ, ಅಂಚಿನುದ್ದಕ್ಕೂ ಆಡಿಸುತ್ತಾ ಇರಬೇಕು. ಕೈ ಇಟ್ಟರೆ ತಟ್ಟನೆ ತೆಗೆಯುವಷ್ಟು ಬಿಸಿಯಾದರೆ ಸಾಕು. ಬಣ್ಣದಲ್ಲಿ ಗುಳ್ಳೆ ಎದ್ದರೆ ಮೀರಿತು ಅಂತಲೇ. ಬಿಸಿ ಇರುವಾಗಲೇ ಉರುಳೆಯನ್ನು ಅಂಚಿಗೆ ಒತ್ತಿ, ಕಮಾನಿನ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಓಡಾಡಿಸುತ್ತಾರೆ. ಮೊದಲ ಸುತ್ತುಗಳಲ್ಲಿ ಮಡಿಕೆ ಸ್ವಲ್ಪವೇ ಓರೆಯಾಗುತ್ತದೆ. ಮತ್ತೆ ಬಿಸಿ, ತೋಳನ್ನು ಒಂದು ಚೂರು ಉದ್ದ ಮಾಡುವುದು, ಮತ್ತೆ ಉರುಳಿಸುವುದು. ಅರ್ಧ ಓರೆಯಾದ ಮೇಲೂ ಇದೇ ತಾಳ್ಮೆ ಬೇಕು. ಒಂದೇ ಸಲಕ್ಕೆ ಒತ್ತಿಬಿಟ್ಟರೆ ಹೊರಗಿನ ತಗಡಿನಲ್ಲಿ ಅಲೆ ಏಳುತ್ತದೆ. ಹಾಗೆದ್ದ ಅಲೆಗೆ ಟಿಂಕರಿಂಗ್ ಮಾಡಿ, ಪುಟ್ಟಿ ಹಚ್ಚದೆ ಬೇರೆ ದಾರಿಯಿಲ್ಲ. ಅಮೆರಿಕದಲ್ಲಿ ಟೈರಿಗೂ ಫೆಂಡರಿಗೂ ನಡುವೆ ಬೇಸ್‌ಬಾಲ್ ಬ್ಯಾಟ್ ಸಿಕ್ಕಿಸಿ ಕಾರನ್ನು ಹಿಂದೆ ಮುಂದೆ ತಳ್ಳುವ ಹಳೇ ಪದ್ಧತಿಯೊಂದಿದೆ. ಹಾಗೂ ಮಡಿಕೆ ಬಗ್ಗುತ್ತದೆ, ಆದರೆ ಒತ್ತಡ ಎಲ್ಲಿ ಎಷ್ಟು ಬೀಳುತ್ತದೆ ಅನ್ನುವುದು ಕೈಯಲ್ಲಿರುವುದಿಲ್ಲ. ಒಳ್ಳೆಯ ಬಣ್ಣವಿರುವ ಕಾರಿಗೆ ನಾನಂತೂ ಅದನ್ನು ಒಪ್ಪುವುದಿಲ್ಲ.

ಮುಂದಿನ ಫೆಂಡರ್ ಬೋಲ್ಟ್ ಹಾಕಿ ಕೂರಿಸಿದ ಒಂದೇ ಪದರದ ತಗಡು. ಹೆಚ್ಚುಕಡಿಮೆಯಾದರೆ ಬಿಚ್ಚಿ ಬೇರೆ ಹಾಕಬಹುದು. ಹಿಂದಿನದು ಹಾಗಲ್ಲ. ಅದು ಬಾಡಿಗೇ ವೆಲ್ಡ್ ಆಗಿರುತ್ತದೆ. ಹೊರಗಿನ ತಗಡು, ಒಳಗಿನ ವೀಲ್ ಹೌಸಿಂಗ್ ಎರಡೂ ಆ ಮಡಿಕೆಯಲ್ಲೇ ಸೇರಿ ಸ್ಪಾಟ್ ವೆಲ್ಡ್ ಆಗಿರುತ್ತವೆ. ನಡುವೆ ನೀರು ಹೋಗದಂತೆ ಸೀಲರ್ ಹಚ್ಚಿರುತ್ತಾರೆ. ಮಡಚುವಾಗ ಆ ಸೀಲರ್ ಬಿಟ್ಟುಕೊಳ್ಳುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಚಕ್ರ ಎರಚುವ ಕೆಸರುನೀರು ಮಾತ್ರ ಆ ಸಂದಿಯೊಳಗೆ ಹೋಗಿ ಕೂರುತ್ತದೆ. ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಸುರಿಯುವ, ಗಾಳಿಯಲ್ಲೇ ಉಪ್ಪಿರುವ ಮಂಗಳೂರಿನಂಥ ಊರಲ್ಲಿ ಆ ಸಂದಿಗೆ ತುಕ್ಕು ಹಿಡಿಯಲು ಎಷ್ಟು ಹೊತ್ತು ಬೇಕು? ರೋಲಿಂಗ್ ಮುಗಿದ ದಿನವೇ ಬಿರುಕುಗಳನ್ನು ಉಜ್ಜಿ ಪ್ರೈಮರ್ ಹೊಡೆದು, ಹೊಸದಾಗಿ ಸೀಮ್ ಸೀಲರ್ ತುಂಬಿ, ಮೇಲೆ ಬಣ್ಣ ಕೊಡಬೇಕು. ಇದನ್ನು ಮಾಡದೆ ಕಾರು ವಾಪಸ್ ಕೊಡುವ ಗ್ಯಾರೇಜು ಅರ್ಧ ಕೆಲಸಕ್ಕೆ ಪೂರ್ತಿ ದುಡ್ಡು ತೆಗೆದುಕೊಂಡ ಹಾಗೆ.

ಮಡಿಕೆ ಮಲಗಿಸಿದ್ದು ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ, ಆದರೆ ಬಾಡಿಯಿಂದ ಆಚೆ ಚಾಚಿದ ಟೈರ್ ಕಣ್ಣಿಗೆ ಬೀಳುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ, ಆರ್‌ಸಿಯಲ್ಲಿ ದಾಖಲಾದ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ನಂತರ ನಿಯಮ ಮೀರಿದ ಪ್ರತಿ ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಚಕ್ರಕ್ಕೆ ದುಡ್ಡು ಕೊಡುವ ಮೊದಲು ಇದು ಗೊತ್ತಿರಲಿ.

ಕೆಲಸ ಮುಗಿಸಿ ಚಕ್ರ ಹಾಕಿದ ಮೇಲೆ ಸ್ವಲ್ಪ ದೂರ ಓಡಿಸಿ ನಟ್‌ಗಳನ್ನು ಮತ್ತೊಮ್ಮೆ ಬಿಗಿ ನೋಡಿ. ಮಡಚಿದ ಅಂಚಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಎಲ್ಲ ಸೀಟಿಗೂ ಜನ ಕೂರಿಸಿ, ಹಂಪ್ ಮೇಲೆ ಒಂದು ಸುತ್ತು ಹೋಗಿಬನ್ನಿ. ಟೇಪ್ ಹರಿದಿದ್ದರೆ ಎಲ್ಲಿ ತಗಲುತ್ತಿದೆ ಅನ್ನುವುದು ಅದರಲ್ಲೇ ಕಾಣುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಬಂಪರ್ ಮೂಲೆಗೋ ಲೈನರ್‌ಗೋ ಉಜ್ಜಿದರೆ ಅದಕ್ಕೆ ರೋಲಿಂಗ್ ಮದ್ದಲ್ಲ, ಟೈರ್ ಇಲ್ಲವೇ ಆಫ್‌ಸೆಟ್ ಬದಲಿಸಬೇಕು. ಕಾರಿನ ಎಡ, ಬಲ ಎರಡೂ ಮಿಲಿಮೀಟರ್ ಲೆಕ್ಕದಲ್ಲಿ ಒಂದೇ ಸಮ ಇರುವುದು ಅಪರೂಪ. ಒಂದು ಬದಿಯ ಟೇಪ್ ಮಾತ್ರ ಹರಿದಿದ್ದರೆ ಇನ್ನೊಂದನ್ನು ಮುಟ್ಟುವುದು ಬೇಡ. ಹರಿದ ಕಡೆಗೆ ಮಾತ್ರ ರೋಲರ್ ಕಟ್ಟಿ ಇನ್ನೊಂದೆರಡು ಸುತ್ತು ಹೊಡೆದರಾಯಿತು.